ಲುವಾರ್ ಕಣಿವೆಯಲ್ಲಿ ನಾಲ್ಕು ದಿನ ಸೈಕಲ್: ಎಲ್ಲಿಂದ ಹೊರಡಬೇಕು, ಹೇಗೆ ಸಾಗಬೇಕು

ಫ್ರಾನ್ಸಿನ ಲುವಾರ್ ನದಿಯ ದಂಡೆಯಲ್ಲಿ ಸೊಮ್ಯೂರ್ ಮತ್ತು ಬ್ಲುವಾ ಊರುಗಳ ನಡುವೆ ಸೈಕಲ್ ದಾರಿ ಸುಮಾರು 160 ಕಿ.ಮೀ. ಇಷ್ಟು ದೂರಕ್ಕೆ ನದಿ ಇಳಿಯುವುದು 50 ಮೀಟರಿಗೂ ಕಡಿಮೆ. ಆದ್ದರಿಂದ ಇಲ್ಲಿಗೆ ಬರುವವರು ಏರುದಾರಿಗೆ ಹೆದರಬೇಕಿಲ್ಲ. ಸವಾರಿ ಕೆಡುವುದು ಬೇರೆ ಮೂರು ಕಾರಣಗಳಿಂದ: ಎದುರುಗಾಳಿ, ಮಧ್ಯಾಹ್ನ ಬಾಗಿಲು ಹಾಕುವ ಅಂಗಡಿಗಳು, ಮತ್ತು ಬಲಗಡೆಯಿಂದ ನುಗ್ಗುವ ವಾಹನ.

ಮೊದಲು ದಿಕ್ಕು. ನದಿ ಪಶ್ಚಿಮಕ್ಕೆ ಹರಿಯುತ್ತದೆ. ಹಾಗಾಗಿ ಹೆಚ್ಚಿನವರು ನೀರಿನ ಜೊತೆ ಇಳಿದರೆ ಸುಲಭ ಎಂದುಕೊಂಡು ಬ್ಲುವಾದಿಂದ ಹೊರಡುತ್ತಾರೆ. ಆದರೆ ಇಲ್ಲಿ ಗಾಳಿ ಹೆಚ್ಚಾಗಿ ಅಟ್ಲಾಂಟಿಕ್ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನದಿಯ ಇಳಿಜಾರಿನಿಂದ ಸಿಗುವ ಲಾಭ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಅದಕ್ಕೇ ನಮ್ಮ ಸಲಹೆ, ರೈಲಿನಲ್ಲಿ ಸೊಮ್ಯೂರ್‌ಗೆ ಹೋಗಿ ಪೂರ್ವಕ್ಕೆ, ಬ್ಲುವಾ ಕಡೆಗೆ ತುಳಿಯಿರಿ. ಹೊರಡುವ ಎರಡು ದಿನ ಮೊದಲು ಹವಾಮಾನ ಮುನ್ಸೂಚನೆ ನೋಡಿ. ಬೇಸಿಗೆಯ ಒಣ ಹವೆಯಲ್ಲಿ ಕೆಲವೊಮ್ಮೆ ಈಶಾನ್ಯದ ಗಾಳಿ ಏಳುತ್ತದೆ, ಆಗ ಮಾತ್ರ ದಿಕ್ಕು ಬದಲಿಸಿ.

ಕಾಲ ಮೇ, ಜೂನ್ ಅಥವಾ ಸೆಪ್ಟೆಂಬರ್ ಇರಲಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ, ಅವಸರವೇ ಇರುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಉಷ್ಣತೆ ಕೆಲ ದಿನ 35 ಡಿಗ್ರಿ ದಾಟುತ್ತದೆ, ಹಳ್ಳಿಯ ಬೇಕರಿಗಳೂ ರಜೆಗೆ ಮುಚ್ಚುತ್ತವೆ.

ಸೈಕಲ್ಲಿನ ಸಿದ್ಧತೆ

ರೋಡ್ ಬೈಕ್ ಸಾಕು, ಆದರೆ ಟೈರ್ 28 ಮಿ.ಮೀ.ಗಿಂತ ಸಪೂರ ಬೇಡ. ಗುರುತು ಹಾಕಿದ ಸೈಕಲ್ ದಾರಿಯಲ್ಲಿ ನಡುನಡುವೆ ಗಟ್ಟಿ ಮಾಡಿದ ಜಲ್ಲಿಯ ತುಂಡುಗಳಿವೆ. 32 ಮಿ.ಮೀ. ಇದ್ದರೆ ಇನ್ನೂ ಒಳ್ಳೆಯದು. 70 ಕಿಲೋ ತೂಕದವರು 28 ಮಿ.ಮೀ. ಟೈರ್‌ಗೆ ಸುಮಾರು 70 ಪಿಎಸ್‌ಐ, 32ಕ್ಕೆ ಸುಮಾರು 55 ಪಿಎಸ್‌ಐ ಗಾಳಿ ಹಾಕಬಹುದು. ಹಿಂದಿನ ಚಕ್ರಕ್ಕೆ ಬ್ಯಾಗಿನ ಭಾರ ಇದ್ದರೆ ಐದು ಪಿಎಸ್‌ಐ ಹೆಚ್ಚಿಸಿ. ವಾಲ್ವ್ ಸಾಮಾನ್ಯವಾಗಿ ಸಪೂರವಾದ ಪ್ರೆಸ್ಟಾ. ತುದಿಯ ಪುಟ್ಟ ನಟ್ಟನ್ನು ಸಡಿಲಿಸಿ, ಒಮ್ಮೆ ಒತ್ತಿ ಪುಸ್ ಎನ್ನಿಸಿ, ಆಮೇಲೆ ಪಂಪ್ ಹಚ್ಚಬೇಕು. ಇದನ್ನು ಮರೆತು ಪಂಪ್ ಮಾಡಿದರೆ ಗಾಳಿ ಒಳಗೆ ಹೋಗುವುದಿಲ್ಲ, ಪಂಪನ್ನು ಓರೆಯಾಗಿ ಎಳೆದರೆ ವಾಲ್ವಿನ ಕಡ್ಡಿಯೇ ಬಾಗುತ್ತದೆ.

ಗೇರ್ ವಿಷಯದಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದೆ 11ರಿಂದ 32 ಹಲ್ಲಿನವರೆಗಿನ ಚಕ್ರಗಳು ಇದ್ದರೆ ಬ್ಯಾಗ್ ಹೊತ್ತರೂ ಕಷ್ಟವಿಲ್ಲ. ನದಿಪಕ್ಕದ ಸುಣ್ಣಕಲ್ಲಿನ ದಿಬ್ಬ ಹತ್ತುವಾಗ ಮಾತ್ರ ಹಿಂದಿನ ದೊಡ್ಡ ಹಲ್ಲುಚಕ್ರ ಬೇಕಾಗುತ್ತದೆ. ಜೊತೆಗೆ ಎರಡು ಟ್ಯೂಬ್, ಎರಡು ಟೈರ್ ಲಿವರ್, ಪಂಪ್, ಪ್ಯಾಚ್, ಚೈನ್ ಬಿಚ್ಚುವ ಉಪಕರಣ.

ಬಾಡಿಗೆ ಸೈಕಲ್ ಪಡೆದ ಕೂಡಲೇ ಬ್ರೇಕ್ ಪರೀಕ್ಷಿಸಿ. ನಮ್ಮ ಊರಿನ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಚಕ್ರದ ಬ್ರೇಕ್. ಫ್ರಾನ್ಸಿನಲ್ಲಿ ಅದು ಎಡಗೈಗೆ ಬರುತ್ತದೆ. ಕೈಗೆ ರೂಢಿ ಬೇರೆಯಾಗಿರುವುದರಿಂದ, ಗಾಬರಿಯಲ್ಲಿ ಎಡಗೈ ಜೋರಾಗಿ ಹಿಡಿದರೆ ಮುಂಚಕ್ರ ಕಚ್ಚಿ ಹ್ಯಾಂಡಲ್ ಮೇಲಿಂದ ಬೀಳುವ ಅಪಾಯವಿದೆ. ಅಂಗಳದಲ್ಲೇ ಹತ್ತು ಬಾರಿ ನಿಧಾನವಾಗಿ ಓಡಿಸಿ ನಿಲ್ಲಿಸಿ, ಬೆರಳಿಗೆ ಹೊಸ ಪಾಠ ಕಲಿಸಿ.

ರಸ್ತೆ ಆರಿಸುವುದು

ಮಿಷೆಲಿನ್ ಕಂಪನಿಯ 1:1,50,000 ಅಳತೆಯ ಕಾಗದದ ನಕ್ಷೆ ಈಗಲೂ ಬೆಲೆಬಾಳುವ ವಸ್ತು. ಅದರಲ್ಲಿ ಬಿಳಿ ಬಣ್ಣದ ಸಣ್ಣ ರಸ್ತೆಗಳು ಸೈಕಲ್‌ಗೆ ಹೇಳಿ ಮಾಡಿಸಿದವು, ಹಳದಿಯವು ನಡೆಯುತ್ತವೆ, ಕೆಂಪು ಬೇಡ. ರಸ್ತೆಯ ಅಂಚಿಗೆ ಹಸಿರು ಗೆರೆ ಇದ್ದರೆ ನೋಟ ಚೆನ್ನಾಗಿದೆ ಎಂದರ್ಥ. ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏರು ಶೇ. 5ರಿಂದ 9, ಎರಡಿದ್ದರೆ ಶೇ. 9ರಿಂದ 13. ಗುರುತು ಹಾಕಿದ ಸೈಕಲ್ ದಾರಿಯ ಹೆಸರು ‘ಲಾ ಲುವಾರ್ ಆ ವೆಲೊ’. ಹಸಿರು ಮತ್ತು ಬಿಳಿ ಫಲಕಗಳನ್ನು ಹಿಂಬಾಲಿಸಿದರೆ ಸಾಕು. ತಿರುವು ಆದ 500 ಮೀಟರ್ ಒಳಗೆ ಮತ್ತೊಂದು ಫಲಕ ಕಾಣದಿದ್ದರೆ ಹಿಂದಿರುಗಿ ನೋಡಿ, ಬಹುಶಃ ಒಂದು ಫಲಕ ಕಣ್ಣು ತಪ್ಪಿರುತ್ತದೆ.

ಪ್ರವಾಹ ತಡೆಯಲು ನದಿಯುದ್ದಕ್ಕೂ ಕಟ್ಟಿರುವ ಏರಿಗಳ ಮೇಲೂ ರಸ್ತೆಗಳಿವೆ, ನಮ್ಮ ಕೆರೆ ಏರಿಯ ಹಾಗೆ. ಉತ್ತರ ದಂಡೆಯ ಡಿ 952 ಸಂಖ್ಯೆಯ ರಸ್ತೆ ನೋಡಲು ಚೆಂದ, ಆದರೆ ವಾಹನ ವೇಗವಾಗಿ ಓಡುತ್ತವೆ, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ದಕ್ಷಿಣ ದಂಡೆಯಲ್ಲೇ ಇರಿ.

ನಾಲ್ಕು ದಿನದ ಹಂಚಿಕೆ

ಮೊದಲ ದಿನ ಸೊಮ್ಯೂರ್‌ನಿಂದ ಶಿನೊಂ, ಸುಮಾರು 35 ಕಿ.ಮೀ. ಇದು ಇಡೀ ದಾರಿಯಲ್ಲೇ ರುಚಿಕಟ್ಟಾದ ಭಾಗ. ನದಿಪಕ್ಕದ ಡಿ 947 ಚಪ್ಪಟೆ, ಆದರೆ ಗದ್ದಲ. ಸೈಕಲ್ ದಾರಿ ಮೇಲಕ್ಕೆ ಹತ್ತಿ ದ್ರಾಕ್ಷಿತೋಟಗಳ ನಡುವೆ, ಬಂಡೆ ಕೊರೆದು ಮಾಡಿದ ಮನೆಗಳ ಪಕ್ಕ ಹಾಯುತ್ತದೆ. ಸೂಜೆ ಎಂಬ ಹಳ್ಳಿಯಲ್ಲಿ ಬಂಡೆಯೊಳಗಿನ ಕತ್ತಲ ಓಣಿಯೇ ದಾರಿ. ಅಲ್ಲಿ ದೀಪ ಹಚ್ಚಿಕೊಂಡು ಇಳಿದು ನಡೆಯಿರಿ, ನೆಲ ಸಮವಿಲ್ಲ. ಮೊಂಸೊರೊ ದಾಟಿದ ಮೇಲೆ ಕಾಂದ್ ಸೇಂ ಮಾರ್ತೆಂ. ಅಲ್ಲಿ ವಿಯೆನ್ ನದಿ ಲುವಾರ್‌ಗೆ ಸೇರುತ್ತದೆ. ಚರ್ಚಿನ ಹಿಂದಿನ ಕಡಿದಾದ ದಾರಿಯಲ್ಲಿ ಮೇಲೆ ನಡೆದು ಹೋದರೆ ಸಂಗಮ ಪೂರ್ತಿ ಕಾಣುತ್ತದೆ. ಇದನ್ನು ಬಿಡಬೇಡಿ.

ಎರಡನೆಯ ದಿನ ಶಿನೊಂನಿಂದ ಉಸ್ಸೆ, ಆಜೆ ಲ ರಿದೊ ಮೂಲಕ ವಿಲಾಂದ್ರಿ, ಸುಮಾರು 40 ಕಿ.ಮೀ. ಶಿನೊಂ ಬಿಡುವಾಗಲೇ ಏರು ಬರುತ್ತದೆ, ಕಾಲು ಬಿಸಿಯಾಗುವ ತನಕ ಸಣ್ಣ ಗೇರಿನಲ್ಲೇ ಹತ್ತಿ. ಮೂರನೆಯ ದಿನ ತೂರ್ ನಗರ ಹಾದು ಆಂಬುವಾಜ್, ಸುಮಾರು 45. ತೂರ್‌ನಲ್ಲಿ ಟ್ರಾಮ್ ಹಳಿಗಳನ್ನು ನೇರ ಅಡ್ಡವಾಗಿ ದಾಟಿ. ಓರೆಯಾಗಿ ದಾಟಿದರೆ ಟೈರ್ ಹಳಿಯ ಸಂದಿಗೆ ಸಿಕ್ಕು ಬೀಳುವುದು ಖಚಿತ, ಮಳೆ ಬಿದ್ದಾಗ ಇನ್ನೂ ಬೇಗ. ನಾಲ್ಕನೆಯ ದಿನ ಶೋಮೊಂ ಕೋಟೆ ನೋಡಿಕೊಂಡು ಬ್ಲುವಾ, ಸುಮಾರು 40.

ನಿಯಮಗಳು

ಬಲಗಡೆ ಚಲಿಸಬೇಕು, ಇದು ಎಲ್ಲರಿಗೂ ಗೊತ್ತು. ತಪ್ಪು ಆಗುವುದು ಬೆಳಗ್ಗೆ ಮೊದಲ ತಿರುವಿನಲ್ಲಿ, ಮತ್ತು ಖಾಲಿ ರಸ್ತೆಯಲ್ಲಿ ಫೋಟೊ ತೆಗೆದು ಮತ್ತೆ ಹತ್ತುವಾಗ. ಅದಕ್ಕಿಂತ ಅಪಾಯದ್ದು ಬಲಗಡೆಯವರ ಹಕ್ಕು: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೇ ಮೊದಲ ದಾರಿ, ಅದು ಪುಟ್ಟ ಓಣಿಯಾದರೂ ಸರಿ. ಅವರು ನೋಡದೆ ನುಗ್ಗಿದಂತೆ ಕಂಡರೂ ನಿಯಮ ಅವರ ಕಡೆಗಿದೆ. ಹಳದಿ ವಜ್ರಾಕಾರದ ಫಲಕ ಇದ್ದರೆ ಹಕ್ಕು ನಿಮ್ಮದು. ಅದರ ಮೇಲೆ ಕಪ್ಪು ಗೆರೆ ಎಳೆದಿದ್ದರೆ ಆ ಹಕ್ಕು ಮುಗಿಯಿತು. ವೃತ್ತಗಳಲ್ಲಿ ಎಡದಿಂದ ಬರುವವರಿಗೆ ದಾರಿ ಬಿಟ್ಟು, ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು.

ಗಂಟೆ, ಮುಂದೆ ಮತ್ತು ಹಿಂದೆ ದೀಪ, ಪ್ರತಿಫಲಕಗಳು ಕಡ್ಡಾಯ. ರಾತ್ರಿ ಅಥವಾ ಮಂಜಿನಲ್ಲಿ ಊರಾಚೆ ಹೋದರೆ ಹೊಳೆಯುವ ಜಾಕೆಟ್ ಬೇಕು. 12 ವರ್ಷದೊಳಗಿನ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯವಿಲ್ಲ, ಹಾಕಿಕೊಳ್ಳಿ. ಕಿವಿಗೆ ಇಯರ್‌ಫೋನ್ ನಿಷಿದ್ಧ. ತುರ್ತಿಗೆ 112.

‘ಗ್ರಾವಿಯೊಂ’ ಎಂದು ಬರೆದ ಫಲಕ ಕಂಡರೆ ರಸ್ತೆಗೆ ಹೊಸ ಡಾಂಬರು ಸುರಿದು ಸಡಿಲ ಜಲ್ಲಿ ಹರಡಿದ್ದಾರೆ ಎಂದರ್ಥ. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುಗುವಾಗ ಬ್ರೇಕ್ ಮುಟ್ಟಬೇಡಿ. ದಾಟಿದ ಮೇಲೆ ಟೈರ್ ಒರೆಸಿ. ಡಾಂಬರಿಗೆ ಅಂಟಿದ ಚೂಪು ಕಲ್ಲು ಮೆಲ್ಲಗೆ ಒಳಗಿಳಿದು ಮರುದಿನ ಪಂಕ್ಚರ್ ಮಾಡುತ್ತದೆ. ಬೇಸಿಗೆಯ ಕೊನೆಯಿಂದ ರೈತರು ಬೇಲಿ ಸವರುತ್ತಾರೆ, ಆಗ ರಸ್ತೆಯ ಅಂಚಿನಲ್ಲಿ ಮುಳ್ಳು ತುಂಬಿರುತ್ತದೆ. ಅಂಚಿನಿಂದ ಒಂದು ಗಜ ಒಳಗೆ ಸಾಗಿ. ಊರಾಚೆ ನಿಮ್ಮನ್ನು ಹಿಂದಿಕ್ಕುವ ವಾಹನ 1.5 ಮೀಟರ್ ಅಂತರ ಬಿಡಬೇಕೆಂದು ಕಾನೂನೇ ಇದೆ, ಸಂಕೋಚ ಬೇಡ.

ಊಟ, ನೀರು

ಬೇಕರಿಗಳು ಬೆಳಗ್ಗೆ ಏಳರ ಹೊತ್ತಿಗೆ ತೆರೆದು, ಒಂದರ ಸುಮಾರಿಗೆ ಮುಚ್ಚಿ, ಮತ್ತೆ ಮೂರೂವರೆ ಮೇಲೆ ತೆರೆಯುತ್ತವೆ. ವಾರಕ್ಕೊಂದು ದಿನ, ಹೆಚ್ಚಾಗಿ ಸೋಮವಾರ, ಪೂರ್ತಿ ರಜೆ. ಹೋಟೆಲಿನಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ ಮಾತ್ರ. ಎರಡೂವರೆಗೆ ಹಸಿದು ಹೋದರೆ ಹಳ್ಳಿಯಲ್ಲಿ ಏನೂ ಸಿಗದು. ಆದ್ದರಿಂದ ಹನ್ನೊಂದು ಗಂಟೆಗೇ ಬ್ರೆಡ್, ಚೀಸ್, ಹಣ್ಣು ಕೊಂಡು ಬ್ಯಾಗಿಗೆ ಹಾಕಿ. ಭಾನುವಾರ ಬೆಳಗ್ಗೆ ಆಂಬುವಾಜ್‌ನ ನದಿದಂಡೆಯಲ್ಲಿ ದೊಡ್ಡ ಸಂತೆ ಸೇರುತ್ತದೆ, ಅದಕ್ಕೆ ಹೊಂದುವಂತೆ ದಿನ ಕೂಡಿಸಿದರೆ ಚೆನ್ನ.

ಸಸ್ಯಾಹಾರಿಗಳು ‘ಲಾರ್ದೊಂ’ ಎಂಬ ಪದ ನೆನಪಿಡಿ, ಅದು ಹಂದಿಮಾಂಸದ ಚೂರು. ಸಲಾಡ್‌ನಲ್ಲಿ, ಕಿಶ್ ಲೊರೇನ್ ಎಂಬ ಮೊಟ್ಟೆಯ ತಿನಿಸಿನಲ್ಲಿ ಹೇಳದೆ ಸೇರಿರುತ್ತದೆ. ಮೇಕೆ ಹಾಲಿನ ಸೇಂತ್ ಮೋರ್ ಚೀಸ್ ಈ ನಾಡಿನದೇ, ನಡುವೆ ಹುಲ್ಲುಕಡ್ಡಿ ಚುಚ್ಚಿರುತ್ತಾರೆ. ಆದರೆ ಇಲ್ಲಿನ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುವುದು ಸಾಮಾನ್ಯ. ಅದು ಬೇಡವೆನ್ನುವವರು ಬ್ರೆಡ್, ಬೆಣ್ಣೆ, ಹಣ್ಣು, ಬಾದಾಮಿಯ ಮೇಲೆ ದಿನ ಕಳೆಯಬಹುದು.

ನೀರು ಎರಡು ಬಾಟಲಿ, 750 ಮಿ.ಲೀ.ನವು. ಖಾಲಿಯಾದರೆ ಹಳ್ಳಿಯ ಸ್ಮಶಾನಕ್ಕೆ ಹೋಗಿ. ಗಿಡಗಳಿಗೆಂದು ಅಲ್ಲಿ ನಲ್ಲಿ ಇರುತ್ತದೆ, ಫ್ರೆಂಚ್ ಸೈಕಲ್ ಸವಾರರೂ ಅಲ್ಲೇ ತುಂಬಿಕೊಳ್ಳುತ್ತಾರೆ. ‘ಓ ನೊಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಆ ನೀರು ಕುಡಿಯಬಾರದು.

ಮರಳುವಾಗ

ಬ್ಲುವಾ ರೈಲು ನಿಲ್ದಾಣ ನದಿಯ ಮಟ್ಟದಲ್ಲಿಲ್ಲ, ಮೇಲಿನ ಊರಿನಲ್ಲಿದೆ. ಕೊನೆಯ ಏರಿಗೆ ಕಾಲು ಗಂಟೆ ಇಟ್ಟುಕೊಳ್ಳಿ. ಪ್ಯಾರಿಸ್‌ನ ಓಸ್ಟರ್ಲಿಟ್ಸ್‌ಗೆ ಇಲ್ಲಿಂದ ನೇರ ರೈಲುಗಳಿವೆ. ಬೇಸಿಗೆಯಲ್ಲಿ ಕೆಲವು ರೈಲುಗಳಿಗೆ ಸೈಕಲ್ಲಿನ ಜಾಗವನ್ನೂ ಮೊದಲೇ ಕಾಯ್ದಿರಿಸಬೇಕಾಗುತ್ತದೆ, ಟಿಕೆಟ್ ಕೊಳ್ಳುವಾಗಲೇ ನೋಡಿ. ಹಲವು ಬೋಗಿಗಳಲ್ಲಿ ಸೈಕಲ್ಲನ್ನು ಮುಂಚಕ್ರದಿಂದ ಕೊಕ್ಕೆಗೆ ನೇತುಹಾಕುವ ಏರ್ಪಾಡು. ರೈಲು ನಿಲ್ಲುವುದು ಸ್ವಲ್ಪ ಹೊತ್ತು, ಆದ್ದರಿಂದ ಬ್ಯಾಗುಗಳನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಚ್ಚಿ ಕೈಯಲ್ಲಿ ಹಿಡಿದು ಕಾಯಿರಿ.