ಕಾರ್ ಶೋಗೆ ನಾನು ಬೆಳಗ್ಗೆ ಏಳಕ್ಕೇ ಹೋಗುವುದು ಯಾಕೆ

ನನ್ನ ಹತ್ತಿರ ಇರುವುದು 1978ರ ಪ್ರೀಮಿಯರ್ ಪದ್ಮಿನಿ. ಉಡುಪಿಯ ನಮ್ಮ ಮನೆಯ ಪಕ್ಕ ಶೀಟ್ ಹಾಕಿದ ಶೆಡ್‌ನಲ್ಲಿ ನಿಲ್ಲುತ್ತದೆ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಹಳೆ ಕಾರು, ದುಬಾರಿ ಕಾರುಗಳ ಶೋ ಎಲ್ಲೇ ಆದರೂ ಒಂಬತ್ತು ವರ್ಷದಿಂದ ತಪ್ಪದೆ ಹೋಗುತ್ತಿದ್ದೇನೆ. ಮೊದಲ ಎರಡು ವರ್ಷ ಬರಿಗೈಯಲ್ಲಿ ಹೋದೆ. ಆಮೇಲೆ ಪದ್ಮಿನಿಯಲ್ಲೇ ಹೋಗಲು ಶುರುಮಾಡಿದೆ.

ಮೊದಲ ಸಲ ಮಂಗಳೂರಿನ ಮೈದಾನಕ್ಕೆ ತಲುಪಿದ್ದು ಹನ್ನೊಂದೂವರೆಗೆ. ಬಿಸಿಲು ನೆತ್ತಿಗೆ ಬಂದಿತ್ತು. ಪ್ರತಿ ಕಾರಿನ ಸುತ್ತ ನಾಲ್ಕು ಸಾಲು ಜನ. ಕೈ ಮೇಲೆತ್ತಿ ಇನ್ನೂರು ಫೋಟೊ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲ ಫೋಟೊದಲ್ಲೂ ಬಣ್ಣ, ಕ್ರೋಮ್, ಯಾರದೋ ಮೊಣಕೈ. ಒಂದು ಕಾರಿನ ಬಗ್ಗೆಯೂ ಹೊಸದಾಗಿ ಏನೂ ಗೊತ್ತಾಗಿರಲಿಲ್ಲ.

ಮುಂದಿನ ವರ್ಷ ಗೆಳೆಯನೊಬ್ಬ ಕಾರುಗಳನ್ನು ಸಾಲಾಗಿ ನಿಲ್ಲಿಸಲು ಸಹಾಯಕ್ಕೆ ಕರೆದ. ಏಳು ಗಂಟೆಗೇ ಹೋದೆ. ಅವತ್ತು ನನಗೆ ಶೋ ಅಂದರೆ ಏನೆಂದು ತಿಳಿಯಿತು. ದೂರದ ಊರಿನ ಹಳೆ ಕಾರುಗಳನ್ನು ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಹಲಗೆ ಇಟ್ಟು ಇಳಿಸುವ ಮೊದಲು ಒಂದೊಂದನ್ನೂ ಸ್ಟಾರ್ಟ್ ಮಾಡಬೇಕು. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್. ಆಗ ಅದಕ್ಕೆ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ಸೈಲೆನ್ಸರ್‌ನಿಂದ ತೆಳು ಬಿಳಿ ಹೊಗೆ ಬಂದು ಎರಡು ನಿಮಿಷದಲ್ಲಿ ನಿಂತರೆ ಅದು ಬರೀ ನೀರಾವಿ. ನಿಲ್ಲದೇ ಬರುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರಿನೊಳಗೆ ನೀರು ಸೋರದಂತೆ ತಡೆಯುವ ಪದರ) ನೋಡಬೇಕು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಚೋಕ್ ಅಥವಾ ಕಾರ್ಬೊರೇಟರ್ ಸರಿಯಿಲ್ಲ. ಹತ್ತು ಗಂಟೆಗೆ ಜನ ಬರುವ ಹೊತ್ತಿಗೆ ಎಲ್ಲ ಎಂಜಿನ್ ಬಂದ್. ಒರೆಸಿದ ಬಾನೆಟ್ ಮಾತ್ರ ಹೊಳೆಯುತ್ತಿರುತ್ತದೆ.

ನಿಂತ ಕಾರು ನೋಡಲು ಧರ್ಮಸ್ಥಳದ ಕಾರ್ ಮ್ಯೂಸಿಯಂ ಇದೆ. ವರ್ಷವಿಡೀ ನೋಡಬಹುದು, ಯಾರೂ ಅವಸರ ಮಾಡುವುದಿಲ್ಲ. ನಾನೂ ಎಷ್ಟೋ ಸಲ ಹೋಗಿದ್ದೇನೆ. ಆದರೆ ಅಲ್ಲಿ ಕಾರುಗಳು ಮಾತಾಡುವುದಿಲ್ಲ. ಶೋದಲ್ಲಿ ಕಾರಿನ ಶಬ್ದ ಇರುತ್ತದೆ, ಪಕ್ಕದಲ್ಲೇ ಅದರ ಮಾಲೀಕ ಇರುತ್ತಾನೆ. ನಮ್ಮ ಭಾಷೆಯಲ್ಲಿ ಕೇಳುವುದು ಅಂದರೆ ಕಿವಿಗೊಡುವುದೂ ಹೌದು, ಪ್ರಶ್ನೆ ಹಾಕುವುದೂ ಹೌದು ಅಲ್ವಾ? ಎರಡನ್ನೂ ಮಾಡಲು ಪುರುಸೊತ್ತು ಸಿಗುವುದು ಬೆಳಗಿನ ಆ ಎರಡು ಮೂರು ಗಂಟೆಯಲ್ಲಿ, ಮತ್ತೆ ಕಾರುಗಳು ಹೊರಡುವ ಹೊತ್ತಿನಲ್ಲಿ.

ಪದ್ಮಿನಿಯನ್ನು ಮೊದಲ ಸಲ ಶೋಗೆ ಒಯ್ದಾಗ ಅದರ ಎಂಜಿನ್ ಬಗ್ಗೆ ನನಗೆ ತುಂಬ ಹೆಮ್ಮೆ ಇತ್ತು. ಆಗಷ್ಟೇ ಗ್ಯಾರೇಜಿನಲ್ಲಿ ಟ್ಯಾಪೆಟ್ (ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ಭಾಗ) ಅಡ್ಜಸ್ಟ್ ಮಾಡಿಸಿದ್ದೆ. ಹೊಲಿಗೆ ಮಷಿನ್‌ಗಿಂತ ಮೆತ್ತಗೆ ಓಡುತ್ತಿತ್ತು. ಕಾರು ನಿಲ್ಲಿಸುತ್ತಿರುವಾಗ ವಯಸ್ಸಾದ ಒಬ್ಬರು ಬಂದು ಬಾನೆಟ್ ಪಕ್ಕ ತಲೆ ಬಾಗಿಸಿ ನಿಂತರು. ಹಿಂದೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಫಿಯೆಟ್ ಟ್ಯಾಕ್ಸಿ ಓಡಿಸಿದವರಂತೆ.

"ಆಫ್ ಮಾಡ್ಬೇಡಿ, ಸ್ವಲ್ಪ ಹಾಗೇ ಇರ್ಲಿ" ಅಂದರು. ಒಂದು ನಿಮಿಷ ಕೇಳಿದರು. "ಟ್ಯಾಪೆಟ್ ಟೈಟ್ ಉಂಟು ಮಾರಾಯ್ರೆ."

"ಶಬ್ದವೇ ಇಲ್ಲವಲ್ಲ ಅಣ್ಣ?"

"ಅದೇ ಹೇಳಿದ್ದು. ಶಬ್ದ ಇಲ್ಲ ಅಂತ ಖುಷಿ ಪಡ್ಲಿಕ್ಕಿಲ್ಲ. ಸ್ವಲ್ಪ ಟಿಕ್ ಟಿಕ್ ಅನ್ಬೇಕು. ಇದ್ರಲ್ಲಿ ಆಗುಂಬೆ ಹತ್ತಿದ್ರೆ ವಾಲ್ವ್ ಸುಟ್ಟು ಹೋಗ್ತದೆ."

ಆಮೇಲೆ ಅವರೇ ಬಿಡಿಸಿ ಹೇಳಿದರು. ಎಂಜಿನ್ ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ. ಟ್ಯಾಪೆಟ್‌ನಲ್ಲಿ ಸಂದು ಬಿಡದಿದ್ದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಬಿಸಿ ಇಳಿಯುವುದು ಅದು ತನ್ನ ಸೀಟಿಗೆ, ಅಂದರೆ ಮುಚ್ಚಿ ಕೂರುವ ಜಾಗಕ್ಕೆ, ತಾಗಿ ಕೂತಾಗ. ಕೂರದಿದ್ದರೆ ಅಂಚು ಸುಡುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಒಂದನೇ ಗೇರಿನಲ್ಲಿ ಹತ್ತಿ ಹತ್ತಿ ಅವರು ಕಲಿತ ಪಾಠ ಅದು. ಮರುವಾರವೇ ಸಂದು ಅಳೆಸಿದೆ. ಅವರು ಹೇಳಿದ್ದು ಸರಿಯಾಗಿತ್ತು. ಎಕ್ಸಾಸ್ಟ್ ಟ್ಯಾಪೆಟ್ ಎರಡರಲ್ಲಿ ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆಯೇ ನುಗ್ಗಲಿಲ್ಲ. ಇವತ್ತಿಗೂ ನನ್ನ ಪದ್ಮಿನಿ ಟಿಕ್ ಟಿಕ್ ಅನ್ನುತ್ತದೆ. ಆ ಶಬ್ದ ಕೇಳಿದರೆ ನನಗೆ ಸಮಾಧಾನ.

ನಮ್ಮ ಕರಾವಳಿಯ ಶೋದಲ್ಲಿ ಇನ್ನೊಂದು ಪ್ರಶ್ನೆ ಕೇಳದೆ ಬರಬಾರದು. ತುಕ್ಕಿಗೆ ಏನು ಮಾಡುತ್ತೀರಿ? ಬೆಂಗಳೂರಿನ ಮಾಲೀಕರಿಗೆ ಇದು ಹತ್ತರಲ್ಲಿ ಒಂದು ಪ್ರಶ್ನೆ. ನಮಗೆ ಇದೇ ಮೊದಲನೆಯದು. ನಾಲ್ಕು ತಿಂಗಳು ಬಿಡದ ಮಳೆ, ಉಳಿದ ಎಂಟು ತಿಂಗಳು ಉಪ್ಪಿನ ಗಾಳಿ. ತುಕ್ಕು ಯಾವತ್ತೂ ಕಣ್ಣಿಗೆ ಕಾಣುವ ಕಡೆ ಶುರುವಾಗುವುದಿಲ್ಲ. ಬಾಗಿಲಿನ ತಳ, ಬ್ಯಾಟರಿ ತಟ್ಟೆಯ ಕೆಳಗೆ, ಮ್ಯಾಟಿನಡಿಯ ಫ್ಲೋರ್, ಮಡ್‌ಗಾರ್ಡ್‌ನ ಒಳ ಅಂಚು. ನಾನು ಶೋದಲ್ಲಿ ಮಂಡಿಯೂರಿ ನೋಡುವುದು ಇವನ್ನೇ. ಮುಟ್ಟುವ ಮೊದಲು ಮಾಲೀಕರನ್ನು ಕೇಳುತ್ತೇನೆ. ಬೆಲ್ಟಿನ ಬಕಲ್, ಕೀ ಗೊಂಚಲು ಕಾರಿಗೆ ತಾಗದ ಹಾಗೆ ನೋಡಿಕೊಳ್ಳುತ್ತೇನೆ. ಇಷ್ಟು ಮರ್ಯಾದೆ ಇಟ್ಟರೆ ಅವರೇ ಬಾಗಿಲು ತೆಗೆದು ತೋರಿಸುತ್ತಾರೆ.

ಹೀಗೆ ಕೇಳಿ ಕಲಿತದ್ದು ತುಂಬ ಇದೆ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಧೂಳು, ಎಲೆ ಸೇರಿ ಅವು ಕಟ್ಟಿಕೊಂಡರೆ ಬಾಗಿಲು ಒಳಗಿಂದ ಕೊಳೆಯುತ್ತದೆ. ಮಳೆಗೆ ಮೊದಲು, ಮಳೆಯ ಮಧ್ಯೆ ಒಂದು ಸಲ ತಂತಿ ಹಾಕಿ ಬಿಡಿಸಬೇಕು. ಕಾರಿಗೆ ಪ್ಲಾಸ್ಟಿಕ್ ಟಾರ್ಪಲ್ ಹೊದಿಸಲೇಬಾರದು, ಒಳಗೆ ಬೆವರುತ್ತದೆ. ಬಟ್ಟೆಯ ಕವರ್ ಹಾಕಿ ಗಾಳಿ ಆಡಲು ಬಿಡಬೇಕು. ಅಡಿಭಾಗಕ್ಕೆ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿ ಇದೆ. ನಾನೂ ಬಳಿಯುತ್ತಿದ್ದೆ. ಹಿಂದಿನ ಪಾಟಾದ (ಲೀಫ್ ಸ್ಪ್ರಿಂಗ್) ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾದ ಮೇಲೆ, ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರೊಬ್ಬರು ಕಾರಣ ಹೇಳಿದರು. ಆಯಿಲ್ ಕಬ್ಬಿಣವನ್ನು ಕಾಯುತ್ತದೆ, ರಬ್ಬರನ್ನು ತಿನ್ನುತ್ತದೆ. ಅವರ ಹೆರಾಲ್ಡ್‌ನಲ್ಲಿ ಬಾನೆಟ್, ಮಡ್‌ಗಾರ್ಡ್ ಸೇರಿ ಇಡೀ ಮುಂಭಾಗ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಆ ಕಾರನ್ನು ಹಾಗೆ ತೆರೆದು ನೋಡಿದ ಮೇಲೆ ನನಗೆ ಬೇರೆ ಯಾವ ಕಾರಿನ ಬಾನೆಟ್ಟೂ ಇಷ್ಟು ಸರಿ ಅನ್ನಿಸಿಲ್ಲ.

ಜೋರು ಮಳೆಯ ಆಟಿ ತಿಂಗಳಲ್ಲಿ ಕಾರನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು ಆಫ್ ಮಾಡುವುದು ದೊಡ್ಡ ತಪ್ಪು ಅಂತ ಹೇಳಿದವರೂ ಅವರೇ. ಐದು ನಿಮಿಷದಲ್ಲಿ ಸೈಲೆನ್ಸರ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ನೀರು ಅಲ್ಲೇ ಉಳಿದು ತೂತು ಬೀಳುತ್ತದೆ. ಮಳೆ ಬಿಟ್ಟ ಹೊತ್ತು ನೋಡಿ ಹತ್ತು ಹದಿನೈದು ಕಿಲೋಮೀಟರ್ ಓಡಿಸಬೇಕು, ಇಲ್ಲದಿದ್ದರೆ ಸ್ಟಾರ್ಟ್ ಮಾಡಲೇಬಾರದು.

ದುಬಾರಿ ಕಾರುಗಳ ಸಾಲಿಗೆ ಮೊದಲು ನಾನು ಹೋಗುತ್ತಲೇ ಇರಲಿಲ್ಲ. ಸಂಕೋಚ. ಒಂದು ಸಲ ಲ್ಯಾಂಬೊರ್ಗಿನಿ ಹುರಾಕಾನ್ ಒಂದು ಮೈದಾನದ ಗೇಟಿನ ಹಂಪ್ ದಾಟಲಾಗದೆ ನಿಂತಿತು. ಮುಂಭಾಗವನ್ನು ಎತ್ತಿಕೊಳ್ಳುವ ವ್ಯವಸ್ಥೆ ಅದರಲ್ಲೇ ಇದ್ದರೂ ಸಾಲಲಿಲ್ಲ. ನಾವು ನಾಲ್ಕು ಜನ ಹಲಗೆ ಹಾಸಿ ದಾಟಿಸಿದೆವು. 5.2 ಲೀಟರಿನ ಹತ್ತು ಸಿಲಿಂಡರ್ ಎಂಜಿನ್ ನನ್ನ ಕಿವಿಯ ಪಕ್ಕದಲ್ಲೇ ಗುಡುಗಿತು. ಪದ್ಮಿನಿಯದು 1089 ಸಿಸಿ, ನಾಲ್ಕು ಸಿಲಿಂಡರ್. ಆಮೇಲೆ ಹುರಾಕಾನ್ ತಂದಿದ್ದ ಹುಡುಗನ ಹತ್ತಿರ ಮಳೆಗಾಲದ ಬಗ್ಗೆ ಕೇಳಿದೆ. ಬ್ರೇಕ್ ಡಿಸ್ಕ್ ಬಗ್ಗೆ, ಕೂತು ಕೂತು ಇಳಿಯುವ ಬ್ಯಾಟರಿಯ ಬಗ್ಗೆ, ಸೀಟಿನ ಚರ್ಮಕ್ಕೆ ಹಿಡಿಯುವ ಬೂಷ್ಟಿನ ಬಗ್ಗೆ ಅವನು ಹೇಳುತ್ತಾ ಹೋದ. ನನ್ನದೂ ಅವನದೂ ಒಂದೇ ಗೋಳು! ಈಗ ಆ ಸಾಲಿನಲ್ಲೂ ಕೇಳುತ್ತೇನೆ. ದುಬೈ ನಂಬರ್ ಪ್ಲೇಟಿನ ಕಾರು ಕಂಡರೆ ಅದು ಕಾರ್ನೆಟ್ ಎಂಬ ಕಾಗದದ ಮೇಲೆ ಆರು ತಿಂಗಳ ಮಟ್ಟಿಗೆ ಬಂದದ್ದು, ಅವಧಿ ಮುಗಿದ ಮೇಲೆ ವಾಪಸ್ ಹೋಗಲೇಬೇಕು ಅಂತ ತಿಳಿದದ್ದೂ ಹಾಗೆಯೇ.

ಜನ ನನ್ನನ್ನು ಜಾಸ್ತಿ ಕೇಳುವುದು, ಇದು ವಿಂಟೇಜಾ ಅಂತ. ಅಲ್ಲ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನ ಮಾತ್ರ ವಿಂಟೇಜ್. ಅದಕ್ಕೆ ನಂಬರಿನಲ್ಲಿ ವಿಎ ಅಂತ ಬರುತ್ತದೆ. ಆದರೆ ಆ ನೋಂದಣಿ ಮಾಡಿಸಿದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಶೋ, ರ್‍ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಪದ್ಮಿನಿಗೆ 50 ತುಂಬಿದರೂ ನಾನು ಅದನ್ನು ಮಾಡಿಸುವುದಿಲ್ಲ. ಅದು ನನ್ನನ್ನು ಮಾರ್ಕೆಟ್ಟಿಗೆ ಒಯ್ಯುವ ಕಾರು.

ಹೋದ ವರ್ಷದ ಶೋ ಮುಗಿಸಿ ವಾಪಸ್ ಬರುವಾಗ ಮಧ್ಯಾಹ್ನ ಒಂದು ಗಂಟೆ. ಸುರತ್ಕಲ್‌ನಲ್ಲಿ ಟ್ಯಾಂಕರ್‌ಗಳ ಹಿಂದೆ ಅರ್ಧ ಗಂಟೆ ಸಿಕ್ಕಿಬಿದ್ದೆವು. ಮೂಲ್ಕಿ ದಾಟುವಷ್ಟರಲ್ಲಿ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಎಂಜಿನ್ನಿನ ಬಿಸಿಗೆ ಪೈಪಿನಲ್ಲಿದ್ದ ಪೆಟ್ರೋಲ್ ಆವಿಯಾಗಿ ಗಾಳಿ ಕಟ್ಟಿಕೊಂಡಿತ್ತು. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸಿ ಪಂಪ್ ಎಷ್ಟು ಒತ್ತಿದರೂ ಪೆಟ್ರೋಲ್ ಮೇಲೆ ಬರುವುದಿಲ್ಲ. ರಸ್ತೆ ಬದಿಯ ಬೊಂಡದ (ಎಳನೀರಿನ) ಅಂಗಡಿಯವರು ಒಂದು ಬಕೆಟ್ ನೀರು ಕೊಟ್ಟರು. ಬಟ್ಟೆ ಒದ್ದೆ ಮಾಡಿ ಪಂಪಿಗೆ, ಪೈಪಿಗೆ ಸುತ್ತಿದೆ. ಮಗಳೂ ನಾನೂ ಒಂದೊಂದು ಬೊಂಡ ಕುಡಿದೆವು. ಇಪ್ಪತ್ತು ನಿಮಿಷಕ್ಕೆ ಕಾರು ಹೊರಟಿತು.

ಬಟ್ಟೆ ಸುತ್ತುವಾಗಲೇ ನೋಡಿದ್ದು, ಪೆಟ್ರೋಲ್ ಪೈಪಿನ ರಬ್ಬರ್ ಬಿರುಕು ಬಿಟ್ಟಿತ್ತು. ಈಗ ಬಂಕ್‌ನಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೆ ರಬ್ಬರ್ ತಡೆಯುವುದಿಲ್ಲ ಅಂತ ಅವತ್ತು ಬೆಳಗ್ಗೆಯೇ ಅಂಬಾಸಿಡರ್ ಸಾಲಿನಲ್ಲಿ ಇಬ್ಬರು ಹೇಳಿದ್ದರು. ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ಟ್ಯಾಂಕ್ ಅರ್ಧ ಖಾಲಿ ಇಟ್ಟು ನಿಲ್ಲಿಸಬೇಡಿ ಅಂತಲೂ ಹೇಳಿದ್ದರು. ಮಾರನೇ ದಿನ ಎಥೆನಾಲ್ ತಡೆಯುವ ಪೈಪ್ ತಂದು ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಲ್ಲ ರಬ್ಬರನ್ನೂ ಬದಲಿಸಿದೆವು. ಅಷ್ಟರಲ್ಲಿ ಮಗಳು ಬಾಗಿಲುಗಳ ತಳಕ್ಕೆ ತಂತಿ ಹಾಕುತ್ತಿದ್ದಳು. ಎಡಗಡೆಯ ಹಿಂದಿನ ಬಾಗಿಲಿನಿಂದ ಕೆಂಪು ನೀರು ಇಳಿಯಿತು. ಆ ಬಾಗಿಲನ್ನು ಈಗ ಟಿಂಕರಿಂಗ್‌ಗೆ ಬಿಚ್ಚಿ ಕೊಟ್ಟಿದ್ದೇನೆ. ಮುಂದಿನ ಶೋದಲ್ಲಿ ಅದನ್ನು ತೆರೆದೇ ಇಡುತ್ತೇನೆ, ತಳ ನೋಡಬೇಕು ಅಂತ ಕೇಳುವವರಿಗೆ.