ಬಲೂನು ಉಬ್ಬಲೇ ಇಲ್ಲ

ಹತ್ತಕ್ಕೆ ಎಷ್ಟು ನೋವು ಎಂದು ಪರದೆ ಕೇಳಿತು. ಸ್ಕ್ಯಾನರ್ ಒಳಗೆ ಮಲಗಿದ್ದವರು ಬಟನ್ ಒತ್ತಿ 6 ಅಂದರು. ಮುಂದಿನ ಸಲವೂ 6. ಆಮೇಲೆ 7. ಎಲ್ಲ ಮುಗಿದು ಅವರು ಹೊರಟ ಮೇಲೆ ನಾನು ಪಂಪಿನ ದಾಖಲೆ ತೆರೆದೆ. ಪ್ರೆಶರ್ ಗೆರೆ ಪ್ರತಿ ಸಲವೂ ಚೆಂದವಾಗಿ ಏರಿದೆ. ಅವರ ಕರುಳಿನಲ್ಲಿಟ್ಟಿದ್ದ ಬಲೂನಿಗೆ ಎಷ್ಟು ಗಾಳಿ ಹೋಯಿತು ಅಂತ ತೋರಿಸುವ ಗೆರೆ ಮಾತ್ರ ನೆಲ ಬಿಟ್ಟು ಎದ್ದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಎದ್ದು ಹೋಗಿ ನಳಿಕೆ ಪರೀಕ್ಷಿಸಿದೆ. ನಡುವಿನ ಸ್ಟಾಪ್‌ಕಾಕ್, ಅಂದರೆ ಗಾಳಿ ತಡೆಯುವ ಪುಟ್ಟ ನಲ್ಲಿ, ಮುಚ್ಚಿತ್ತು. ಮುಚ್ಚಿದವನು ನಾನೇ. ಗಾಳಿ ಸೋರುತ್ತಿದೆಯಾ ಅಂತ ನೋಡಿ, ಮತ್ತೆ ತೆರೆಯೋದು ಮರೆತಿದ್ದೆ. ಬಲೂನಿಗೆ ಚೂರೂ ಗಾಳಿ ಹೋಗಿರಲಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಅವರ ಮಿದುಳಿನ ಚಿತ್ರ ನೋಡಿದರೆ ಇನ್ಸುಲಾ ಅನ್ನುವ ಜಾಗ ಹೊಳೆಯುತ್ತಿತ್ತು, ಸಿಂಗ್ಯುಲೇಟ್ ಅನ್ನುವ ಇನ್ನೊಂದು ಜಾಗದ ಮುಂಭಾಗವೂ ಹೊಳೆಯುತ್ತಿತ್ತು. ನಿಜವಾಗಿ ಹೊಟ್ಟೆ ನೋವು ಬಂದಾಗ ಎಲ್ಲಿ ಹೊಳೆಯಬೇಕೋ ಅಲ್ಲೇ. ಪರದೆಯಲ್ಲಿ ನೀಲಿ ವೃತ್ತ ಬಂತು, ಈಗ ಬಲೂನು ಉಬ್ಬುತ್ತೆ ಅಂತ ಅವರು ಕಾದರು, ನೋವಾಯಿತು. ಅಷ್ಟೇ ನಡೆದದ್ದು.

ನಾವು ಮಾಡುತ್ತಿದ್ದದ್ದು ಏನು ಅಂತ ಹೇಳಿಬಿಡುತ್ತೇನೆ. ಕರುಳಿನ ಕೊನೆಯ ಭಾಗಕ್ಕೆ ಒಂದು ಮೆತ್ತನೆಯ ಪುಟ್ಟ ಬಲೂನು ಇಡುತ್ತೇವೆ. ಬಾರೋಸ್ಟಾಟ್ ಅನ್ನುವ ಪಂಪು ಅದನ್ನು ಅಳೆದ ಪ್ರೆಶರ್‌ನಲ್ಲಿ ಉಬ್ಬಿಸುತ್ತದೆ. ಎಷ್ಟಕ್ಕೆ ಗೊತ್ತಾಗುತ್ತೆ, ಎಷ್ಟಕ್ಕೆ ನೋವಾಗುತ್ತೆ ಅಂತ ಪ್ರತಿಯೊಬ್ಬರಿಗೂ ಮೊದಲೇ ಹೊರಗೆ ಗುರುತು ಮಾಡಿಕೊಂಡಿರುತ್ತೇವೆ. ವಿಧಾನ ಹೊಸದೇನಲ್ಲ. ಐಬಿಎಸ್ (ಪದೇ ಪದೇ ಹೊಟ್ಟೆ ನೋವು, ಭೇದಿ ಅಥವಾ ಮಲಬದ್ಧತೆ ತರುವ ಕರುಳಿನ ತೊಂದರೆ) ಇರುವವರಿಗೆ ಬಲೂನು ಬೇಗ ನೋವು ಕೊಡುತ್ತದೆ ಅನ್ನೋದು 1973ರಲ್ಲೇ ವರದಿಯಾಗಿತ್ತು. ಮಿದುಳಿನಲ್ಲಿ ಅದು ಹೇಗೆ ಕಾಣುತ್ತದೆ, ಮಾನಸಿಕ ಒತ್ತಡ ಸೇರಿದರೆ ಏನಾಗುತ್ತದೆ ಅನ್ನೋದು ನಮ್ಮ ಪ್ರಶ್ನೆ. (ಕನ್ನಡದಲ್ಲಿ ಎರಡೂ ಒತ್ತಡವೇ. ಬಲೂನಿನದ್ದಕ್ಕೆ ನಾನು ಪ್ರೆಶರ್ ಅಂತಲೇ ಬರೆಯುತ್ತೇನೆ, ಇಲ್ಲದಿದ್ದರೆ ನನಗೇ ಗೊಂದಲ.)

ನಾವು ಮಾಡುವ ಸ್ಕ್ಯಾನ್, ಅಂದರೆ ಎಫ್‌ಎಂಆರ್‌ಐ, ಮಿದುಳಿನ ಯೋಚನೆಯನ್ನು ಕಾಣಿಸುವುದಿಲ್ಲ, ನರಕೋಶಗಳ ಕೆಲಸವನ್ನು ಕೂಡ ನೇರವಾಗಿ ಕಾಣಿಸುವುದಿಲ್ಲ. ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು ಕಾಣಿಸುತ್ತದೆ. ಸೆಯ್ಜಿ ಒಗಾವಾ 1990ರಲ್ಲಿ ತೋರಿಸಿದ್ದು ಇದನ್ನೇ. ಈ ಏರಿಳಿತ ತುಂಬಾ ನಿಧಾನ. ಏನೋ ಒಂದು ನಡೆದ ಮೇಲೆ ಸಿಗ್ನಲ್ ತುದಿ ಮುಟ್ಟಲು ಸುಮಾರು 5ರಿಂದ 6 ಸೆಕೆಂಡು ಬೇಕು. ನಮ್ಮ ಪ್ರಯೋಗ ಕೆಟ್ಟಿದ್ದು ಇಲ್ಲೇ. ನೀಲಿ ವೃತ್ತ ಬಂದ 4 ಸೆಕೆಂಡಿಗೆ, ಪ್ರತಿ ಸಲವೂ ಸರಿಯಾಗಿ 4 ಸೆಕೆಂಡಿಗೆ, ಬಲೂನು ಉಬ್ಬುತ್ತಿತ್ತು. ಕಾಯುವಾಗಿನ ಸಿಗ್ನಲ್ ಇನ್ನೂ ಏರುತ್ತಿರುವಾಗಲೇ ನೋವಿನ ಸಿಗ್ನಲ್ ಅದರ ಮೇಲೆ ಹತ್ತಿ ಕೂರುತ್ತಿತ್ತು. ಯಾವುದು ಯಾವುದು ಅಂತ ಬಿಡಿಸಲು ದಾರಿಯೇ ಇರಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ಸ್ಕ್ಯಾನ್‌ಗಳಲ್ಲಿ ನಾವು ನೋವು ಅಂತ ಕರೆದಿದ್ದು ಎಷ್ಟು ನೋವು, ಎಷ್ಟು ಬರೀ ಕಾಯುವಿಕೆ? ನನ್ನ ಮರೆವು ಇಲ್ಲದಿದ್ದರೆ ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲವೇನೋ.

ಪ್ರಯೋಗವನ್ನು ಬಿಚ್ಚಿ ಮತ್ತೆ ಕಟ್ಟಿದೆವು. ವೃತ್ತಕ್ಕೂ ಬಲೂನಿಗೂ ನಡುವಿನ ಅಂತರವನ್ನು ಪ್ರತಿ ಸಲ ಬೇರೆ ಮಾಡಿದೆವು, ಒಮ್ಮೆ 4 ಸೆಕೆಂಡು, ಒಮ್ಮೆ 11. ಕೆಲವು ಸರದಿಗಳಲ್ಲಿ ವೃತ್ತ ಮಾತ್ರ, ಬಲೂನು ಇಲ್ಲ. ಬಲೂನು ಕೆಲವು ಸಲ ಉಬ್ಬದೇ ಇರಬಹುದು ಅನ್ನುವ ಮಾತನ್ನು ಒಪ್ಪಿಗೆ ಪತ್ರದಲ್ಲೇ ಸೇರಿಸಿದೆವು, ಯಾವ ಸಲ ಅಂತ ಮಾತ್ರ ಹೇಳುವುದಿಲ್ಲ. ಪಂಪು ಶುರುವಾಗುವಾಗ ನಳಿಕೆ ಸಣ್ಣಗೆ ನಡುಗುತ್ತಿತ್ತು. ಒಬ್ಬರು ಅದನ್ನು ತೊಡೆಯಲ್ಲಿ ಗುರುತು ಹಿಡಿದು, "ಬಲೂನು ಬರೋದು ನನಗೆ ಮೊದಲೇ ಗೊತ್ತಾಗುತ್ತೆ" ಅಂದರು. ಅವತ್ತಿನಿಂದ ನಳಿಕೆಗೆ ಸ್ಪಂಜಿನ ಹೊದಿಕೆ. ಖಾಲಿ ಸರದಿಯಲ್ಲೂ ಪಂಪು ಓಡುತ್ತದೆ.

ಉಸಿರಿನ ವಿಷಯ ಯಾರೂ ಮೊದಲು ಹೇಳಿಕೊಡುವುದಿಲ್ಲ. ಹೊಟ್ಟೆ ನೋಯುತ್ತೆ ಅನಿಸಿದರೆ ಜನ ಉಸಿರು ಬಿಗಿ ಹಿಡಿಯುತ್ತಾರೆ. ಉಸಿರು ಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ರಕ್ತನಾಳ ಹಿಗ್ಗುತ್ತದೆ, ಮಿದುಳಿನ ಉದ್ದಗಲಕ್ಕೂ ಸಿಗ್ನಲ್ ಏರುತ್ತದೆ. ನೋಡಿದವರಿಗೆ ಮಿದುಳೇ ಎದ್ದು ಕುಣಿದಂತೆ! ಅದಕ್ಕೇ ಎದೆಗೊಂದು ಉಸಿರಿನ ಬೆಲ್ಟ್ ಕಟ್ಟುತ್ತೇವೆ, ಆ ಏರಿಳಿತವನ್ನು ಲೆಕ್ಕದಿಂದ ಕಳೆಯುತ್ತೇವೆ. ತಲೆ ಅಲುಗಿದರಂತೂ ಕಥೆ ಮುಗಿಯಿತು. ಅರ್ಧ ಮಿಲಿಮೀಟರ್ ಅಲುಗಿದ ಚಿತ್ರಗಳನ್ನೂ ನಾನು ಬಿಸಾಕುತ್ತೇನೆ. ಹೊಟ್ಟೆ ಹಿಂಡಿದಾಗ ಅಲುಗದೆ ಮಲಗಿ ಅನ್ನೋದು ಕ್ರೂರ ಬೇಡಿಕೆ, ಗೊತ್ತು.

ಮಾನಸಿಕ ಒತ್ತಡದ ಕಥೆ ಇನ್ನೂ ತಮಾಷೆ. ಒತ್ತಡ ತರಲು ಲೆಕ್ಕ ಕೊಡುತ್ತೇವೆ. ಸಮಯ ಕಡಿಮೆ ಮಾಡುತ್ತಾ ಹೋಗುತ್ತೇವೆ, ನೀವು ಸರಾಸರಿಗಿಂತ ಹಿಂದಿದ್ದೀರಿ ಅಂತ ಪರದೆ ಚುಚ್ಚುತ್ತದೆ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತಾ ಅಂತ ಎಂಜಲು ತೆಗೆದು ನೋಡುತ್ತೇವೆ. ಮೊದಲ ಗುಂಪಿನಲ್ಲಿ ಹಲವರಿಗೆ ಲೆಕ್ಕ ಮುಗಿಯುವ ಹೊತ್ತಿಗೆ ಕಾರ್ಟಿಸಾಲ್ ಇಳಿದಿತ್ತು! ಕಾರಣ ಸರಳ. ಗಡಗಡ ಸದ್ದು ಮಾಡುವ ಇಕ್ಕಟ್ಟಿನ ಕೊಳವೆಗೆ ಹೋಗೋದೇ ದೊಡ್ಡ ಒತ್ತಡ. ಬಾಗಿಲಲ್ಲೇ ಅವರು ತುದಿ ಮುಟ್ಟಿದ್ದರು, ನಮ್ಮ ಲೆಕ್ಕ ಅದರ ಮುಂದೆ ಏನೂ ಅಲ್ಲ. ಬೆಳಗಿನ ಸ್ಕ್ಯಾನ್‌ಗಳಲ್ಲಿ ಇನ್ನೊಂದು ತೊಡಕು. ನಿದ್ದೆಯಿಂದ ಎದ್ದ ಅರ್ಧ, ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ತಾನಾಗಿಯೇ ಜಾಸ್ತಿ ಇರುತ್ತದೆ, ಆಮೇಲೆ ದಿನವಿಡೀ ಇಳಿಯುತ್ತದೆ. ಈಗ ಮಧ್ಯಾಹ್ನದ ನಂತರ ಮಾತ್ರ ಸ್ಕ್ಯಾನ್. ಹಿಂದಿನ ದಿನವೇ ಕರೆಸಿ, ಕಾಂತ ಇಲ್ಲದ ಡಮ್ಮಿ ಸ್ಕ್ಯಾನರ್‌ನಲ್ಲಿ ಮಲಗಿಸಿ, ಸದ್ದು ಕೇಳಿಸಿ ಕಳಿಸುತ್ತೇವೆ. ಮರುದಿನ ಬಂದ ಮೇಲೂ ಮುಕ್ಕಾಲು ಗಂಟೆ ಸುಮ್ನೆ ಕೂರಿಸುತ್ತೇವೆ. ಒತ್ತಡ ಕೊಟ್ಟ ಮೇಲೆ ಎಂಜಲಲ್ಲಿ ಅದು ಕಾಣಲು 20ರಿಂದ 30 ನಿಮಿಷ ಬೇಕು, ಆ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಹೊಟ್ಟೆಯಿಂದ ಮಿದುಳಿಗೆ ಹೋಗುವ ದೊಡ್ಡ ದಾರಿ ವೇಗಸ್ ನರ. ಅದರ ಎಳೆಗಳಲ್ಲಿ ಸುಮಾರು 80% ಮೇಲಕ್ಕೆ ಸುದ್ದಿ ಒಯ್ಯುವವು. ಮಿದುಳು ಹೊಟ್ಟೆಗೆ ಅಪ್ಪಣೆ ಕೊಡುವುದಕ್ಕಿಂತ ಹೊಟ್ಟೆಯ ಮಾತು ಕೇಳುವುದೇ ಜಾಸ್ತಿ. ಕರುಳು ಚುರುಕ್ ಅಂತು, ಹೊಟ್ಟೆ ಉರಿಯಿತು ಅಂತ ನಾವು ಮನಸ್ಸಿನ ಮಾತನ್ನು ಹೊಟ್ಟೆಯ ಮೇಲೇ ಹಾಕಿ ಆಡುತ್ತೇವಲ್ವಾ, ಅದು ಪೂರ್ತಿ ಅಲಂಕಾರವಲ್ಲ. ಆದರೆ ಆ ನರ ಬಂದು ಸೇರುವ ಜಾಗ ಮಿದುಳಿನ ಕಾಂಡದಲ್ಲಿದೆ, ಅಗಲ ಕೆಲವೇ ಮಿಲಿಮೀಟರ್. ಪಕ್ಕದ ರಕ್ತನಾಳ ಬಡಿದಾಗೆಲ್ಲ ಕಾಂಡವೇ ಅಲ್ಲಾಡುತ್ತದೆ. ಚಿತ್ರ ಕಲಸಿಹೋಗುತ್ತದೆ. ಇನ್ಸುಲಾ ದೊಡ್ಡದು, ಚೆನ್ನಾಗಿ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ಬರೆಯುತ್ತೇವೆ. ಅದು ಹೊಟ್ಟೆಗೆ ಮಾತ್ರ ಹೊಳೆಯುತ್ತದೆ ಅಂದುಕೊಳ್ಳಬೇಡಿ. ಎದೆಬಡಿತ, ಅಸಹ್ಯ, ಬಿಸಿ, ತಂಪು, ಎಲ್ಲಕ್ಕೂ ಅದು ಹಾಜರ್.

ಈ ಕೆಲಸದಲ್ಲಿರುವವರಿಗೆ ಎಲ್ಲ ಕಡೆ ಕೇಳಿಬರುವ ಪ್ರಶ್ನೆ ಒಂದು: ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದು ಅನ್ನುವ ಜೀವಾಣು) ಕುಡಿದರೆ ಮನಸ್ಸು ಸರಿಹೋಗುತ್ತಾ? ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ ರಾಸಾಯನಿಕ ಸೆರೊಟೋನಿನ್ 90% ಕರುಳಲ್ಲೇ ಇದೆಯಂತೆ ಅನ್ನುತ್ತಾರೆ. ಇದೆ, ಆದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮಿದುಳು ತನ್ನದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ 2013ರಲ್ಲಿ ಪ್ರೋಬಯಾಟಿಕ್ ಸೇರಿಸಿ ಹುದುಗಿಸಿದ ಹಾಲಿನ ಪ್ರಯೋಗ ಪ್ರಕಟಿಸಿತು. 36 ಆರೋಗ್ಯವಂತ ಹೆಂಗಸರು, 4 ವಾರ. ಹಾಲು ಕುಡಿದ ಗುಂಪಿಗೆ ಕೋಪದ, ಭಯದ ಮುಖ ತೋರಿಸಿದಾಗ ಮಿದುಳಿನ ಪ್ರತಿಕ್ರಿಯೆ ಬೇರೆ ಇತ್ತು. ಒಳ್ಳೆ ಕೆಲಸ. ಆದರೆ ಹಣ ಹಾಕಿದ್ದು ಮೊಸರು ಮಾರುವ ಕಂಪನಿ ಡ್ಯಾನೋನ್, ಮೂರು ಗುಂಪು ಮಾಡಿದರೆ ಒಂದೊಂದರಲ್ಲಿ ಸುಮಾರು ಹನ್ನೆರಡು ಜನ. ಅಷ್ಟರ ಮೇಲೆ ಯಾರ ಆತಂಕಕ್ಕೂ ಔಷಧಿ ಬರೆಯಲು ನಾನು ತಯಾರಿಲ್ಲ.

ಸಣ್ಣ ಗುಂಪು ಅಂದರೆ ನನಗೆ ಸತ್ತ ಸಾಲ್ಮನ್ ನೆನಪಾಗುತ್ತದೆ. 2009ರಲ್ಲಿ ಕೆಲವರು ಸತ್ತ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸಾವಿರಾರು ಬಿಂದುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಆಕಸ್ಮಿಕವಾಗಿ ಹೊಳೆಯುವುದನ್ನು ಸೋಸುವ ಲೆಕ್ಕದ ತಿದ್ದುಪಡಿ ಮಾಡದೆ ಬಿಟ್ಟರೆ, ಮೀನಿನ ಮಿದುಳೂ ಹೊಳೆಯಿತು. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳೋದು ಈ ಮೀನಿನ ಕಥೆಯನ್ನೇ.

ಈಗ ಬಲೂನಿನ ಜೊತೆ ಹೊಟ್ಟೆಯ ಮೇಲೆ ಸ್ಟಿಕ್ಕರ್ ಎಲೆಕ್ಟ್ರೋಡ್ ಅಂಟಿಸುತ್ತೇವೆ. ಜಠರಕ್ಕೆ ತನ್ನದೇ ಲಯ ಇದೆ, ನಿಮಿಷಕ್ಕೆ 3 ಅಲೆ, ಅಂದರೆ 20 ಸೆಕೆಂಡಿಗೆ ಒಂದು. 1822ರಲ್ಲಿ ಗುಂಡೇಟು ಬಿದ್ದು ಹೊಟ್ಟೆಯಲ್ಲಿ ಮುಚ್ಚದ ತೂತು ಉಳಿದ ಒಬ್ಬನನ್ನು ವಿಲಿಯಂ ಬೋಮಾಂಟ್ ಅನ್ನುವ ವೈದ್ಯ ವರ್ಷಗಟ್ಟಲೆ ನೋಡಿ, ಸಿಟ್ಟು ಬಂದಾಗ ಜೀರ್ಣರಸ ಬದಲಾಗುತ್ತದೆ ಅಂತ ಬರೆದಿಟ್ಟ. ಅವನಿಗೆ ತೂತು ಸಿಕ್ಕಿತ್ತು, ನಮಗೆ ಸ್ಟಿಕ್ಕರ್. ಸ್ಕ್ಯಾನರ್‌ನ ಗದ್ದಲದಲ್ಲಿ ಈ ಅಲೆ ಹುಡುಕೋದು ಸುಲಭವಲ್ಲ, ಹತ್ತರಲ್ಲಿ ಮೂರು ದಾಖಲೆ ಈಗಲೂ ಕಸದ ಬುಟ್ಟಿಗೆ.

ಕಳೆದ ವಾರ ಒಬ್ಬರು ಹೊರಗೆ ಬಂದವರೇ ಕೇಳಿದರು, "ಕೊನೆಯದು ಸಿಕ್ಕಾಪಟ್ಟೆ ಜೋರಾಗಿತ್ತು, ಅಲ್ವಾ ಸರ್?" ನಾನು ಮೊದಲು ಸ್ಟಾಪ್‌ಕಾಕ್ ನೋಡಿದೆ. ತೆರೆದೇ ಇತ್ತು. ಆಮೇಲೆ ಸರದಿ ಪಟ್ಟಿ ನೋಡಿದೆ. ಕೊನೆಯದು ಖಾಲಿ ಸರದಿ. ಅವರದ್ದು ಇನ್ನೂ ಒಂದು ಸ್ಕ್ಯಾನ್ ಬಾಕಿ ಇತ್ತು, ಹಾಗಾಗಿ ನೀರು ಕೊಟ್ಟು ಕೂರಿಸಿದೆ, ಏನೂ ಹೇಳಲಿಲ್ಲ.