ಅಂಟುವುದು ಬೇರೆ, ಗುಂಪುಗಟ್ಟುವುದು ಬೇರೆ: ಸಸ್ಯ ಲೆಕ್ಟಿನ್‌ಗಳೊಂದಿಗೆ ನನ್ನ ಅನುಭವ

ಲೆಕ್ಟಿನ್‌ಗಳೆಂದರೆ ಸಕ್ಕರೆಗಳನ್ನು ಗುರುತಿಸಿ ಅಂಟುವ ಪ್ರೋಟೀನುಗಳು. ಅವುಗಳ ಮೇಲೆ ಕೆಲಸ ಮಾಡುವವರು ಸಾಮಾನ್ಯವಾಗಿ ಮೊದಲು ಮಾಡುವ ಪರೀಕ್ಷೆ ಕೆಂಪು ರಕ್ತಕಣಗಳನ್ನು ಗುಂಪುಗಟ್ಟಿಸುವುದು. ಅದಕ್ಕೆ ದುಬಾರಿ ಉಪಕರಣ ಬೇಡ, ಫಲಿತಾಂಶವೂ ಬರಿಗಣ್ಣಿಗೆ ಕಾಣುತ್ತದೆ. ಆದರೆ ಆ ಒಂದೇ ಪರೀಕ್ಷೆಯಿಂದ ಲೆಕ್ಟಿನ್ ಕೋಶಕ್ಕೆ ಅಂಟಿತೇ, ಕೋಶಗಳನ್ನು ಒಂದಕ್ಕೊಂದು ಬೆಸೆಯಿತೇ, ಕೋಶದೊಳಗೆ ಏನಾದರೂ ಬದಲಾಯಿಸಿತೇ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಕ್ಕಿತೆಂದು ಭಾವಿಸುವುದು ಸರಿಯಲ್ಲ. ಈ ವಿಷಯದ ಚರಿತ್ರೆ ಆರಂಭವಾದದ್ದೇ ಅಂಥ ಬೆರಕೆಯಿಂದ. 1888ರಲ್ಲಿ ಸ್ಟಿಲ್‌ಮಾರ್ಕ್ ಹರಳು ಬೀಜದ ಸಾರವು ರಕ್ತಕಣಗಳನ್ನು ಗುಂಪುಗಟ್ಟಿಸುತ್ತದೆಂದು ತೋರಿಸಿ, ಅದರಲ್ಲಿದ್ದ ವಿಷಕಾರಿ ಪ್ರೋಟೀನಿಗೆ ರಿಸಿನ್ ಎಂದು ಹೆಸರಿಟ್ಟರು. ಅದರಲ್ಲಿ ಎರಡು ಪ್ರೋಟೀನುಗಳಿದ್ದವೆಂಬುದು ಎಷ್ಟೋ ಕಾಲದ ಮೇಲೆ ತಿಳಿಯಿತು: ಕೋಶವನ್ನು ಕೊಲ್ಲುವ ರಿಸಿನ್‌ಗೆ ಗುಂಪುಗಟ್ಟಿಸುವ ಶಕ್ತಿ ತೀರ ಕಡಿಮೆ, ಚೆನ್ನಾಗಿ ಗುಂಪುಗಟ್ಟಿಸುವ ಅದರ ಸೋದರ ಪ್ರೋಟೀನಿಗೆ ವಿಷ ಕಡಿಮೆ.

ನಾನು ಹೆಚ್ಚು ಕೆಲಸ ಮಾಡಿದ್ದು ಜ್ಯಾಕ್ ಬೀನ್ ಬೀಜದ ಕಾನ್‌ಕನಾವಲಿನ್-ಎ ಎಂಬ ಲೆಕ್ಟಿನ್ ಮೇಲೆ. 1919ರಲ್ಲಿ ಸಮ್ನರ್ ಇದನ್ನು ಹರಳಿನ ರೂಪದಲ್ಲಿ ಪಡೆದರು. ಅದೇ ಬೀಜದ ಯೂರಿಯೇಸ್ ಎಂಬ ಕಿಣ್ವವನ್ನು 1926ರಲ್ಲಿ ಹರಳುಗಟ್ಟಿಸಿದ್ದಕ್ಕೆ ಮುಂದೆ ಅವರಿಗೆ ನೊಬೆಲ್ ಬಂತು. ಇದನ್ನು ಶುದ್ಧೀಕರಿಸುವ ಕ್ರಮ ಬಹಳ ಸರಳ. ಬೀಜದ ಹಿಟ್ಟನ್ನು ಉಪ್ಪಿನ ದ್ರಾವಣದಲ್ಲಿ ತಣ್ಣಗೆ ನೆನೆಸಿ, ಸೆಂಟ್ರಿಫ್ಯೂಜ್ ಮಾಡಿ, ಅಮೋನಿಯಂ ಸಲ್ಫೇಟಿನಿಂದ ಬೇರ್ಪಡಿಸಿದ ಪ್ರೋಟೀನನ್ನು ಸೆಫಡೆಕ್ಸ್ ಕಾಲಮ್ಮಿನ ಮೂಲಕ ಹರಿಸುತ್ತೇನೆ. ಸೆಫಡೆಕ್ಸ್ ಎಂದರೆ ಗ್ಲೂಕೋಸ್ ಘಟಕಗಳ ಸರಪಳಿಯಾದ ಡೆಕ್ಸ್‌ಟ್ರಾನ್. ಮ್ಯಾನೋಸ್ ಮತ್ತು ಗ್ಲೂಕೋಸ್ ಸಕ್ಕರೆಗಳನ್ನು ಗುರುತಿಸುವ ಈ ಲೆಕ್ಟಿನ್ ಅದರ ತುದಿಗಳಿಗೆ ಅಂಟಿ ನಿಲ್ಲುತ್ತದೆ, ಯೂರಿಯೇಸ್ ಸೇರಿದಂತೆ ಉಳಿದದ್ದೆಲ್ಲ ಹರಿದುಹೋಗುತ್ತದೆ. ಪ್ರೋಟೀನ್ ಇರುವುದನ್ನು ತೋರಿಸುವ 280 ನ್ಯಾನೋಮೀಟರಿನ ಬೆಳಕಿನ ಹೀರುವಿಕೆ ತಳಮಟ್ಟಕ್ಕೆ ಇಳಿಯುವವರೆಗೆ ಕಾಲಮ್ಮನ್ನು ತೊಳೆದು, ಆಮೇಲೆ ಗ್ಲೂಕೋಸ್ ದ್ರಾವಣ ಹರಿಸಿದರೆ ಲೆಕ್ಟಿನ್ ಬಿಟ್ಟುಕೊಂಡು ಕೆಳಗಿಳಿಯುತ್ತದೆ.

ಇಲ್ಲಿಂದ ಮುಂದಿನ ಡಯಾಲಿಸಿಸ್ ಹಂತವನ್ನು, ಅಂದರೆ ಸಣ್ಣ ಅಣುಗಳನ್ನು ಪೊರೆಯ ಮೂಲಕ ಹೊರಹಾಕುವುದನ್ನು, ನಾನು ಅವಸರಿಸುವುದಿಲ್ಲ. ಇಳಿಸಲು ಬಳಸಿದ ಗ್ಲೂಕೋಸ್ ಪ್ರೋಟೀನಿನ ಹಿಡಿತದ ತಾಣದಲ್ಲೇ ಕುಳಿತಿರುವುದರಿಂದ, ಸ್ವಲ್ಪ ಉಳಿದರೂ ಒಳ್ಳೆಯ ಲೆಕ್ಟಿನ್ ಸತ್ತಂತೆ ಕಾಣುತ್ತದೆ. ಇದರ ಜೊತೆಗೆ, ಪ್ರೋಟೀನಿನ ಪ್ರತಿ ಉಪಘಟಕಕ್ಕೂ, ಅಂದರೆ ಅದು ಕೂಡಿಬಂದ ಪ್ರತಿ ಬಿಡಿ ಸರಪಳಿಗೂ, ಒಂದು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಅಯಾನು ಇಲ್ಲದಿದ್ದರೆ ಸಕ್ಕರೆಯನ್ನು ಹಿಡಿಯುವ ತಾಣ ಸರಿಯಾದ ಆಕಾರಕ್ಕೇ ಬರುವುದಿಲ್ಲ. ಆದ್ದರಿಂದ ನನ್ನ ಬಫರಿನಲ್ಲಿ ಎರಡೂ ಲೋಹಗಳು ಸ್ವಲ್ಪ ಇರುತ್ತವೆ, ಲೋಹಗಳನ್ನು ಕಸಿದುಕೊಳ್ಳುವ ಇಡಿಟಿಎ ಇರುವುದಿಲ್ಲ. ಕ್ಯಾಲ್ಸಿಯಂ ಅನ್ನು ತಳಕ್ಕಿಳಿಸುವ ಫಾಸ್ಫೇಟಿನ ಬದಲು ಟ್ರಿಸ್ ಅಥವಾ ಹೆಪೆಸ್ ಬಳಸುತ್ತೇನೆ.

ಗುಂಪುಗಟ್ಟುವಿಕೆಯ ಪರೀಕ್ಷೆಗೆ ತಳ ದುಂಡಗಿರುವ 96 ಗುಳಿಗಳ ತಟ್ಟೆ ಸಾಕು. ಲೆಕ್ಟಿನ್ ದ್ರಾವಣವನ್ನು ಗುಳಿಯಿಂದ ಗುಳಿಗೆ ಅರ್ಧರ್ಧ ತೆಳುಗೊಳಿಸುತ್ತ ಹೋಗಿ, ಚೆನ್ನಾಗಿ ತೊಳೆದ ಶೇ. 2ರ ರಕ್ತಕಣಗಳ ದ್ರಾವಣವನ್ನು ಸಮ ಪ್ರಮಾಣದಲ್ಲಿ ಸೇರಿಸಿ ಅಲುಗಾಡಿಸದೆ ಬಿಡಬೇಕು. ಸೀರಮ್ಮಿನ ಗ್ಲೈಕೊಪ್ರೋಟೀನುಗಳು (ಸಕ್ಕರೆ ಕಟ್ಟಿಕೊಂಡ ಪ್ರೋಟೀನುಗಳು) ತಾವೇ ಲೆಕ್ಟಿನ್ನನ್ನು ಹಿಡಿದುಕೊಳ್ಳುವುದರಿಂದ ಕಣಗಳನ್ನು ತೊಳೆಯುವುದರಲ್ಲಿ ಸೋಮಾರಿತನ ಕೂಡದು. ಪರಸ್ಪರ ಬೆಸೆದ ಕಣಗಳು ಗುಳಿಯ ತಳದ ಮೇಲೆಲ್ಲ ತೆಳುವಾದ ಹಾಸಿನಂತೆ ಹರಡುತ್ತವೆ. ಬಿಡಿಯಾಗಿ ಉಳಿದವು ಜಾರಿ ನಡುವೆ ಗುಂಡಿಯಂತೆ ಕೂರುತ್ತವೆ. ಸಂಶಯವಿದ್ದಾಗ ತಟ್ಟೆಯನ್ನು ಓರೆ ಹಿಡಿಯುತ್ತೇನೆ. ಬಿಡಿ ಕಣಗಳ ಗುಂಡಿ ಕೆಲವು ಕ್ಷಣಗಳಲ್ಲಿ ಸಣ್ಣ ಕೆಂಪು ಬಾಲವಾಗಿ ಕೆಳಕ್ಕೆ ಹರಿಯುತ್ತದೆ, ಬೆಸೆದ ಹಾಸು ಕದಲುವುದಿಲ್ಲ. ಹಾಸು ಕಾಣುವ ಕೊನೆಯ ತೆಳುವೇ ಟೈಟರ್.

ಮೊಲದ ರಕ್ತಕಣಗಳು ಕಾನ್‌ಕನಾವಲಿನ್-ಎಗೆ ಸುಲಭವಾಗಿ ಗುಂಪುಗಟ್ಟುತ್ತವೆ; ಮನುಷ್ಯರ ತಾಜಾ ರಕ್ತಕಣಗಳು ಬಹುಮಟ್ಟಿಗೆ ಗುಂಡಿಯಾಗಿಯೇ ಕೂರುತ್ತವೆ. ಹಾಗೆಂದು ಮನುಷ್ಯರ ಕಣಗಳಿಗೆ ಲೆಕ್ಟಿನ್ ಅಂಟಿಲ್ಲವೇ ಎಂದು ನೋಡಲು ಫ್ಲೂರೊಸೀನ್ ಬಣ್ಣ ಕಟ್ಟಿದ ಅದೇ ಲೆಕ್ಟಿನ್ನನ್ನು ಕೊಟ್ಟು ಸೂಕ್ಷ್ಮದರ್ಶಕದಡಿ ಇಟ್ಟರೆ, ಬಿಡಿ ಬಿಡಿಯಾಗಿರುವ ಕಣಗಳ ಅಂಚೂ ಹಸಿರಾಗಿ ಹೊಳೆಯುತ್ತದೆ. ಮುಖ್ಯವಾಗಿ ಬ್ಯಾಂಡ್-3 ಎಂಬ ಪೊರೆಯ ಪ್ರೋಟೀನಿನ ಸಕ್ಕರೆಗೆ ಅದು ಅಂಟಿಯೇ ಇದೆ. ಆ ಕಣಗಳನ್ನು ಪ್ರೋಟೀನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್‌ನಿಂದ ಸ್ವಲ್ಪ ಹೊತ್ತು ಉಪಚರಿಸಿ, ತೊಳೆದು ಮತ್ತೆ ಪರೀಕ್ಷಿಸಿದರೆ ಹಾಸು ಮೂಡುತ್ತದೆ. ಟ್ರಿಪ್ಸಿನ್ ಬ್ಯಾಂಡ್-3 ಅನ್ನು ಹೊರಗಿನಿಂದ ಕತ್ತರಿಸುವುದಿಲ್ಲ. ಅದು ತೆಗೆದುಹಾಕುವುದು ಋಣ ವಿದ್ಯುದಂಶವುಳ್ಳ ಸಿಯಾಲಿಕ್ ಆಮ್ಲ ಎಂಬ ಸಕ್ಕರೆ ತುಂಬಿದ, ಗ್ಲೈಕೊಫೊರಿನ್ ಎಂಬ ಪೊರೆಯ ಪ್ರೋಟೀನಿನ ಹೊರಭಾಗವನ್ನು. ಅಂದರೆ ಕಣಗಳನ್ನು ಪರಸ್ಪರ ದೂರವಿಟ್ಟಿದ್ದ ಋಣ ವಿದ್ಯುದಂಶ ಕಡಿಮೆಯಾಗಿ, ಮೊದಲೇ ಅಂಟಿಕೊಳ್ಳುತ್ತಿದ್ದ ಲೆಕ್ಟಿನ್ನಿಗೆ ಪಕ್ಕದ ಕೋಶವೂ ಕೈಗೆಟುಕುತ್ತದೆ. ಈ ಪ್ರಯೋಗವನ್ನು ಹೊಸಬರಿಗೆ ತೋರಿಸಿದರೆ ಒಂದು ಗಂಟೆಯ ಉಪನ್ಯಾಸ ಉಳಿಯುತ್ತದೆಂಬುದು ನನ್ನ ಅಭಿಪ್ರಾಯ.

ನೆಲಗಡಲೆಯ ಲೆಕ್ಟಿನ್ನಿನಲ್ಲಿ ಕಥೆ ತಿರುಗುಮುರುಗು. ತಾಜಾ ರಕ್ತಕಣಗಳಲ್ಲಿ ಅದು ಗುರುತಿಸುವ ಗ್ಯಾಲಕ್ಟೋಸ್ ಇರುವ ಸಕ್ಕರೆ ಜೋಡಿ ಸಿಯಾಲಿಕ್ ಆಮ್ಲದ ಮರೆಯಲ್ಲಿರುವುದರಿಂದ ಅಂಟುವುದೇ ಇಲ್ಲ. ನ್ಯೂರಾಮಿನಿಡೇಸ್ ಎಂಬ ಕಿಣ್ವ ಆ ಮರೆಯನ್ನು ಕಿತ್ತ ಮೇಲೆ ಅಂಟುತ್ತದೆ, ಗುಂಪೂ ಕಟ್ಟುತ್ತದೆ. ಹೊರಗಿನಿಂದ ಕಾಣುವ ಫಲಿತಾಂಶ ಎರಡರಲ್ಲೂ ಒಂದೇ ಆಗಿದ್ದು, ಕಾರಣ ಮಾತ್ರ ಬೇರೆ.

ಗುಂಪುಗಟ್ಟಿಸಲು ಒಂದಕ್ಕಿಂತ ಹೆಚ್ಚು ಹಿಡಿತದ ತಾಣಗಳು ಬೇಕೇ ಬೇಕು. ಕಾನ್‌ಕನಾವಲಿನ್-ಎ ತಟಸ್ಥ ಪಿಎಚ್‌ನಲ್ಲಿ ನಾಲ್ಕು ಉಪಘಟಕಗಳ ಕೂಟ, ಆಮ್ಲೀಯ ದ್ರಾವಣದಲ್ಲಿ ಎರಡರದು. ಒಂದು ತಾಣಕ್ಕೂ ಒಂದು ಬಿಡಿ ಸಕ್ಕರೆಗೂ ನಡುವಿನ ಹಿಡಿತ ಸಡಿಲವಾದದ್ದು. ಮ್ಯಾನೋಸಿನ ಒಂದು ರೂಪವಾದ ಮೀಥೈಲ್ ಮ್ಯಾನೊಸೈಡ್‌ನ ವಿಘಟನಾಂಕ (ಇದು ಹೆಚ್ಚಿದಷ್ಟೂ ಹಿಡಿತ ಸಡಿಲ) ಸುಮಾರು 0.1 ಮಿಲಿಮೋಲಾರ್. ಕೋಶದ ಮೇಲೆ ಹಲವು ತಾಣಗಳು ಒಟ್ಟಿಗೆ ಹಿಡಿದಾಗ, ಒಂದು ಕಳಚುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ. ಸಕ್ಸಿನೈಲ್ ಗುಂಪು ಸೇರಿಸಿ ಇದನ್ನು ಎರಡರ ಕೂಟವಾಗಿಯೇ ನಿಲ್ಲಿಸಿದರೆ ಅದು ಕೋಶಕ್ಕೆ ಅಂಟುತ್ತದೆ, ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕಣಗಳನ್ನು ಪ್ರಚೋದಿಸುತ್ತದೆ, ಆದರೆ ಗುಂಪುಗಟ್ಟಿಸುವ ಶಕ್ತಿ ಬಹಳ ಕುಗ್ಗುತ್ತದೆ. ತಣ್ಣಗೆ 4 ಡಿಗ್ರಿಯಲ್ಲಿ ಮೂಲ ಲೆಕ್ಟಿನ್ ಕೂಡ ಕಡಿಮೆ ಗುಂಪುಗಟ್ಟಿಸುವುದರಿಂದ, ತಾಪಮಾನ ಬರೆಯದ ಟೈಟರ್ ಅನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜೀವಂತ ಕೋಶಗಳ ಮೇಲಿನ ಪರಿಣಾಮಕ್ಕೆ ಬಂದರೆ ಕಿಡ್ನಿ ಬೀನ್ಸ್‌ನ ಫೈಟೊಹೆಮಾಗ್ಲುಟಿನಿನ್ ಒಳ್ಳೆಯ ಉದಾಹರಣೆ. ರಕ್ತದಿಂದ ಕೆಂಪು ಕಣಗಳನ್ನು ಗುಂಪುಗಟ್ಟಿಸಿ ತೆಗೆಯಲು ಬಳಕೆಯಲ್ಲಿದ್ದ ಈ ಪದಾರ್ಥವೇ ಲಿಂಫೋಸೈಟ್‌ಗಳನ್ನು ವಿಭಜನೆಗೆ ತೊಡಗಿಸುತ್ತದೆಂದು 1960ರಲ್ಲಿ ನೋವೆಲ್ ಕಂಡುಕೊಂಡರು. ಇದರಲ್ಲಿ ಇ ಮತ್ತು ಎಲ್ ಎಂಬ ಎರಡು ಬಗೆಯ ಉಪಘಟಕಗಳಿವೆ: ಇ ಕೆಂಪು ಕಣಗಳನ್ನು ಗುಂಪುಗಟ್ಟಿಸುತ್ತದೆ, ಎಲ್ ಲಿಂಫೋಸೈಟ್‌ಗಳನ್ನು ಎಚ್ಚರಿಸುತ್ತದೆ. ಆದ್ದರಿಂದ ಕೆಂಪು ಕಣಗಳ ಟೈಟರ್ ನೋಡಿ ತಟ್ಟೆಯಲ್ಲಿ ಬೆಳೆಸುವ ಲಿಂಫೋಸೈಟ್‌ಗಳಿಗೆ ಎಷ್ಟು ಹಾಕಬೇಕೆಂದು ನಿರ್ಧರಿಸಲಾಗದು. ಪ್ರತಿ ತಯಾರಿಕೆಗೂ ಲಿಂಫೋಸೈಟ್‌ಗಳಲ್ಲೇ ಪ್ರಮಾಣವನ್ನು ಗೊತ್ತುಪಡಿಸುತ್ತೇನೆ. ಎರಡು ಮೂರು ದಿನಗಳಲ್ಲಿ ಸಣ್ಣ ದುಂಡು ಕೋಶಗಳು ಹಿಗ್ಗಿ, ಕೋಶದ್ರವ ಹೆಚ್ಚಿ, ಗೊಂಚಲುಗಳಾಗಿ ಕಾಣುತ್ತವೆ. ಪ್ರಮಾಣ ಮೀರಿದರೆ ವಿಭಜನೆ ಮತ್ತೆ ಇಳಿಯುತ್ತದೆ. ಕಾನ್‌ಕನಾವಲಿನ್-ಎಯಲ್ಲಿ ಈ ಇಳಿಕೆ ಕಡಿದಾಗಿರುತ್ತದೆ. ಮೇಲೆ ಹೇಳಿದ ಸಕ್ಸಿನೈಲ್ ರೂಪದಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಯಾವುದೋ ಲೆಕ್ಟಿನ್ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಎಂಬ ಫಲಿತಾಂಶ ನನ್ನ ಮೇಜಿಗೆ ಬಂದಾಗ ನಾನು ಮೊದಲು ಕೇಳುವುದು ಕೋಶಗಳನ್ನು ಎಣಿಸಿದ್ದು ಹೇಗೆಂದು. ಎಣಿಕೆಯ ಗಾಜಿನ ಮೇಲೆ ಹತ್ತಾರು ಕೋಶಗಳ ಗಂಟು ಒಂದೇ ಎಂದು ಲೆಕ್ಕವಾಗಬಹುದು, ತಟ್ಟೆಯಿಂದ ಎದ್ದ ಗಂಟುಗಳು ತೊಳೆಯುವಾಗ ಹೋಗಿಬಿಡಬಹುದು. ಎರಡೂ ಸಾವಿನಂತೆಯೇ ತೋರುತ್ತವೆ. ಲೆಕ್ಟಿನ್ ಕಾನ್‌ಕನಾವಲಿನ್-ಎ ಆಗಿದ್ದರೆ, ಎಣಿಸುವ ಮೊದಲು 0.1 ಮೋಲಾರ್ ಮೀಥೈಲ್ ಮ್ಯಾನೊಸೈಡ್ ಹಾಕಿ ಗಂಟುಗಳನ್ನು ಬಿಡಿಸಿ, ಟ್ರಿಪಾನ್ ಬ್ಲೂ ಕೊಡುತ್ತೇನೆ. ಬಿಡಿಯಾದ ಕೋಶಗಳು ಬಣ್ಣವನ್ನು ಹೊರಗಿಟ್ಟರೆ ಅವು ಬದುಕಿವೆ. 37 ಡಿಗ್ರಿಯಲ್ಲಿ ಬಹಳ ಹೊತ್ತು ಇಟ್ಟಿದ್ದರೆ ಲೆಕ್ಟಿನ್ನಿನ ಒಂದು ಭಾಗವನ್ನು ಕೋಶ ಒಳಗೆಳೆದುಕೊಂಡಿರುತ್ತದೆ, ಅದನ್ನು ಯಾವ ಸಕ್ಕರೆಯೂ ಹೊರತರದು. ಹಾಗಾಗಿ ಲೆಕ್ಟಿನ್ನಿಗಿಂತ ಮೊದಲೇ ಸಕ್ಕರೆ ಸೇರಿಸಿದ ಗುಳಿಗಳನ್ನೂ ಅದೇ ತಟ್ಟೆಯಲ್ಲಿ ಇಡುತ್ತೇನೆ. ಗೋಧಿ ಭ್ರೂಣದ ಲೆಕ್ಟಿನ್ ಆದರೆ ತಡೆಯಲು ಅದು ಗುರುತಿಸುವ ಸಕ್ಕರೆಯಾದ ಅಸಿಟೈಲ್ ಗ್ಲೂಕೋಸಮೈನ್ ಒಂದನ್ನೇ ನಂಬುವುದಿಲ್ಲ. ಅದು ಸಿಯಾಲಿಕ್ ಆಮ್ಲಕ್ಕೂ ಅಂಟುತ್ತದೆ, ಬಿಡಿ ಸಕ್ಕರೆ ಅದರೆದುರು ದುರ್ಬಲ. ಅದೇ ಸಕ್ಕರೆಯ ಸರಪಳಿಯಾದ ಕೈಟಿನ್‌ನಿಂದ ಪಡೆದ ಮೂರು ಘಟಕಗಳ ತುಣುಕು ಬಹಳ ಕಡಿಮೆ ಪ್ರಮಾಣದಲ್ಲೇ ಅದನ್ನು ತಡೆಯುತ್ತದೆ.